ಒಂದೇ ಮುಂಗಾರು, ಎರಡು ಬಗೆಯ ಮಳೆ

ಮಳೆಯ ಕುರಿತ ಚರ್ಚಾ ಕಾರ್ಯಕ್ರಮಕ್ಕಾಗಿ ಸ್ಟುಡಿಯೋದಲ್ಲಿ ಎರಡು ಗಾಜಿನ ಕೊಳವೆಗಳನ್ನು ನಿಲ್ಲಿಸಿ, ಆಗುಂಬೆ ಮತ್ತು ಚಳ್ಳಕೆರೆಗಳ ವಾರ್ಷಿಕ ಮಳೆಯನ್ನು ಇದ್ದಷ್ಟೇ ಎತ್ತರಕ್ಕೆ ತುಂಬಿ ತೋರಿಸಬೇಕೆಂದಿದ್ದೆವು. ಚಳ್ಳಕೆರೆಯದು ಸರಾಸರಿ ಅರ್ಧ ಮೀಟರಿನ ಆಸುಪಾಸು. ಮೇಜಿನ ಮೇಲೆ ಇಡಬಹುದು. ಆಗುಂಬೆಯದು 7 ಮೀಟರು ದಾಟುತ್ತದೆ. ಛಾವಣಿ ಸಾಲದೆಂದು ಕೈಬಿಟ್ಟೆವು! ನೇರ ಗೆರೆ ಎಳೆದರೆ ಈ ಊರುಗಳ ನಡುವೆ 200 ಕಿಲೋಮೀಟರೂ ಇಲ್ಲ.

ಇದಕ್ಕೆ ಕಾರಣ ಪಶ್ಚಿಮ ಘಟ್ಟ. ಅರಬ್ಬೀ ಸಮುದ್ರದಿಂದ ಬರುವ ತೇವಭರಿತ ಗಾಳಿ ಘಟ್ಟವನ್ನು ಏರುವಾಗ ತಣ್ಣಗಾಗಿ, ಆವಿ ಹನಿಗಟ್ಟಿ ಅಲ್ಲೇ ಸುರಿಯುತ್ತದೆ. ಆಚೆಗೆ ಇಳಿಯುವ ಗಾಳಿ ಬೆಚ್ಚಗಾಗಿ ಒಣಗುತ್ತದೆ. ಚಿತ್ರದುರ್ಗ, ಬಳ್ಳಾರಿಯ ಸೀಮೆ ಈ ಮಳೆನೆರಳಿನಲ್ಲಿದೆ.

ಭೂಮಿ ಬಿಸಿಯಾದರೆ ಏನಾಗುತ್ತದೆ? ಉಷ್ಣಾಂಶ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿ ಸುಮಾರು ಶೇಕಡ 7ರಷ್ಟು ಹೆಚ್ಚು ಆವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಹಾಗೆಂದು ಎಲ್ಲ ಊರಿಗೂ ಶೇಕಡ 7ರಷ್ಟು ಹೆಚ್ಚು ಮಳೆ ಎಂದು ತಿಳಿಯಬಾರದು. ದೊಡ್ಡ ಕೊಡ ತುಂಬಲು ಹೆಚ್ಚು ಹೊತ್ತು ಬೇಕು. ಮಗುಚಿದಾಗ ಮಾತ್ರ ಹೆಚ್ಚು ನೀರು ಒಮ್ಮೆಲೇ ಬೀಳುತ್ತದೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು 2017ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಮಧ್ಯ ಭಾರತದಲ್ಲಿ 1950ರಿಂದ 2015ರ ಅವಧಿಯಲ್ಲಿ ಸರಾಸರಿ ಮಳೆ ಇಳಿಮುಖವಾಗಿದ್ದರೂ ವ್ಯಾಪಕ ಅತಿವೃಷ್ಟಿಯ ಪ್ರಸಂಗಗಳು ಮೂರು ಪಟ್ಟಾಗಿವೆ.

ನಮ್ಮಲ್ಲಿ 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದವು. 2023ರಲ್ಲಿ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಎಲ್ಲವನ್ನೂ ತಾಪಮಾನ ಏರಿಕೆಯ ತಲೆಗೆ ಕಟ್ಟುವುದು ಸರಿಯಲ್ಲ. 2023 ಎಲ್ ನಿನೋ ವರ್ಷವೂ ಆಗಿತ್ತು, ಕೊಡಗಿನಲ್ಲಿ ಗುಡ್ಡ ಕಡಿದವರೂ ನಾವೇ.

ಹೆಚ್ಚು ಪೆಟ್ಟು ಬೀಳುವುದು ಮಳೆನೆರಳಿನವರಿಗೆ ಎಂಬುದು ನನ್ನ ಅನಿಸಿಕೆ. ಆಗುಂಬೆಯಲ್ಲಿ ಹದಿನೈದು ದಿನ ಮಳೆ ತಪ್ಪಿದರೂ ನೆಲದಲ್ಲಿ ತೇವ ಉಳಿದಿರುತ್ತದೆ. ಚಳ್ಳಕೆರೆಯ ಕೆಂಪು ನೆಲದಲ್ಲಿ ಶೇಂಗಾ ಬಿತ್ತಿದವನ ಲೆಕ್ಕವೇ ಬೇರೆ. ಹೂವು ಬಿಟ್ಟ ಮೇಲೆ ಸೂಜಿಯಂಥ ಕುಡಿಗಳು ಮಣ್ಣಿಗೆ ಇಳಿದರೆ ಮಾತ್ರ ಕಾಯಿ. ಆಗ ಮೂರು ವಾರ ಒಣಗಿದರೆ ನೆಲ ಗಟ್ಟಿಯಾಗಿ ಕುಡಿ ಇಳಿಯದು. ಆಮೇಲೆ ಸೆಪ್ಟೆಂಬರಿನ ಒಂದು ಸಂಜೆ 100 ಮಿಲಿಮೀಟರ್ ಸುರಿದರೆ ಬಹುಪಾಲು ನೀರು ಹಳ್ಳಕ್ಕೆ ಹರಿಯುತ್ತದೆ, ಜೊತೆಗೆ ಮೇಲ್ಮಣ್ಣೂ ಹೋಗುತ್ತದೆ. ಗಿಡದ ಬುಡ ಕಿತ್ತು ನೋಡಿದರೆ ಕಾಯಿ ಇರುವುದಿಲ್ಲ. ತಾಲ್ಲೂಕಿನ ಪಟ್ಟಿಯಲ್ಲಿ ಮಾತ್ರ ಆ ವರ್ಷ ‘ವಾಡಿಕೆ ಮಳೆ’ ಎಂದು ದಾಖಲಾಗಿರುತ್ತದೆ.