ಮನೆಯಲ್ಲೇ ಸೌರ ಹೀಟರ್: ಲೆಕ್ಕ ಮೇ ತಿಂಗಳಿಗಲ್ಲ, ಡಿಸೆಂಬರ್‌ಗಿರಲಿ

ಮಹಾಗಾಂವ (ಕಲಬುರಗಿ ಜಿಲ್ಲೆ): ಬಿಸಿಲಿಗೆ ಬರವೇ ಇಲ್ಲದ ನಾಡಿನಲ್ಲಿ ಸ್ನಾನದ ನೀರಿಗಾಗಿ ತೊಗರಿ ಕಟ್ಟಿಗೆ ಉರಿಸುವುದು ಅಥವಾ ವಿದ್ಯುತ್ ಗೀಸರ್ ಹಚ್ಚುವುದು ವಿಪರ್ಯಾಸವೇ ಸರಿ. ಕಮಲಾಪುರ ತಾಲ್ಲೂಕಿನ ಮಹಾಗಾಂವದಂತಹ ಊರಿರಲಿ, ಕಲಬುರಗಿ ನಗರದ ಬಡಾವಣೆಯಿರಲಿ, ಸ್ವಂತ ಮನೆಯ ಮೇಲೆ ಸೌರ ಹೀಟರ್ ಜೋಡಿಸಿಕೊಳ್ಳುವುದು ಅಸಾಧ್ಯವೇನಲ್ಲ. ಆದರೆ ಬೇಸಿಗೆಯ ಉರಿಬಿಸಿಲನ್ನು ನಂಬಿ ಯೋಜನೆ ಹಾಕಿದರೆ ಎಡವುವುದು ಖಚಿತ. ಮೇ ತಿಂಗಳಲ್ಲಿ ಮಾಳಿಗೆಯ ಮೇಲಿನ ಟ್ಯಾಂಕಿನ ನೀರೇ ಸಾಕಷ್ಟು ಕಾದಿರುತ್ತದೆ. ಬಿಸಿನೀರು ನಿಜವಾಗಿ ಬೇಕಾಗುವುದು ಡಿಸೆಂಬರ್‌ನ ಮುಂಜಾವಿನಲ್ಲಿ.

ಎರಡು ಮಾದರಿ

ಅಮೆರಿಕದ ಬಾಲ್ಟಿಮೋರ್‌ನ ಕ್ಲಾರೆನ್ಸ್ ಕೆಂಪ್ 1891ರಲ್ಲಿ ಪೇಟೆಂಟ್ ಪಡೆದ ಸೌರ ಹೀಟರ್ ಅತ್ಯಂತ ಸರಳವಾದದ್ದು. ಕಪ್ಪು ಬಣ್ಣ ಬಳಿದ ನೀರಿನ ತೊಟ್ಟಿ, ಅದರ ಸುತ್ತ ಗಾಜು ಹೊದಿಸಿದ ಪೆಟ್ಟಿಗೆ, ಇಷ್ಟೇ. ಮನೆಯಲ್ಲಿ ತಯಾರಿಸಲು ಇದೇ ಸುಲಭ. ಆದರೆ ಹಗಲು ಕಾದ ನೀರು ರಾತ್ರಿ ಆರಿಹೋಗುತ್ತದೆ. ಸಂಜೆ ಸ್ನಾನ ಮಾಡುವವರಿಗೆ ಇದು ಸಾಕು. ಬೆಳಿಗ್ಗೆ ಸ್ನಾನ, ಪೂಜೆ ಮುಗಿಸಿ ಕೆಲಸಕ್ಕೆ ಹೊರಡುವ ಮನೆಗೆ ಸಾಲದು.

ಈ ಕೊರತೆಯನ್ನು 1909ರಲ್ಲಿ ವಿಲಿಯಂ ಬೈಲಿ ನೀಗಿಸಿದರು. ನೀರು ಕಾಯುವ ಫಲಕವನ್ನೂ ಅದನ್ನು ಕೂಡಿಡುವ ತೊಟ್ಟಿಯನ್ನೂ ಬೇರ್ಪಡಿಸಿ, ತೊಟ್ಟಿಗೆ ಶಾಖ ತಡೆಯುವ ಹೊದಿಕೆ ಹಾಕಿದರು. ಕಾದ ನೀರು ಹಗುರಾಗಿ ಮೇಲೇರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ. ಹೀಗಾಗಿ ಪಂಪಿನ ಅಗತ್ಯವಿಲ್ಲ. ಇಂದಿನ ಬಹುತೇಕ ಮನೆಗಳ ಸೌರ ಹೀಟರ್‌ಗಳಿಗೆ ಇದೇ ತತ್ವವೇ ಆಧಾರ.

ಅಳತೆ ಎಷ್ಟು?

ನಾಲ್ಕು ಜನರ ಕುಟುಂಬಕ್ಕೆ 100 ಲೀಟರ್ ಸಾಮರ್ಥ್ಯ ಸಾಕು. 60 ಡಿಗ್ರಿ ಸೆಲ್ಸಿಯಸ್ ಬಿಸಿಯ ಈ ನೀರಿಗೆ 20 ಡಿಗ್ರಿಯ ಅಷ್ಟೇ ತಣ್ಣೀರು ಬೆರೆಸಿದರೆ 40 ಡಿಗ್ರಿಯ 200 ಲೀಟರ್, ಅಂದರೆ 20 ಲೀಟರ್‌ನ ಹತ್ತು ಬಕೆಟ್ ಸ್ನಾನದ ನೀರಾಗುತ್ತದೆ.

100 ಲೀಟರ್ ನೀರನ್ನು 20ರಿಂದ 60 ಡಿಗ್ರಿಗೆ ಏರಿಸಲು ಸುಮಾರು 4.6 ಯೂನಿಟ್ ಶಕ್ತಿ ಬೇಕು. ಮೋಡವಿಲ್ಲದ ಚಳಿಗಾಲದ ದಿನ ಓರೆಯಾಗಿಟ್ಟ ಫಲಕದ ಪ್ರತಿ ಚದರ ಮೀಟರ್‌ಗೆ ಸುಮಾರು 5 ಯೂನಿಟ್ ಬಿಸಿಲು ದೊರೆಯುತ್ತದೆ. ಅದರಲ್ಲಿ ಅರ್ಧದಷ್ಟು ನೀರಿಗೆ ಸೇರಿದರೂ 2 ಚದರ ಮೀಟರ್ ಫಲಕ ಕೆಲಸ ಪೂರೈಸುತ್ತದೆ.

ಓರೆ ಮತ್ತು ನೆರಳು

ಮಹಾಗಾಂವ ಸುಮಾರು 17.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ಎರಡನೇ ವಾರದಲ್ಲಿ ಮಧ್ಯಾಹ್ನದ ಸೂರ್ಯ ಇಲ್ಲಿ ನೆತ್ತಿಯ ಮೇಲಿದ್ದರೆ, ಡಿಸೆಂಬರ್ ಕೊನೆಯ ಹೊತ್ತಿಗೆ ದಕ್ಷಿಣಕ್ಕೆ ವಾಲಿ ದಿಗಂತದಿಂದ 49 ಡಿಗ್ರಿಯಷ್ಟೇ ಎತ್ತರದಲ್ಲಿರುತ್ತಾನೆ. ಆದ್ದರಿಂದ ಫಲಕ ದಕ್ಷಿಣಕ್ಕೆ ಮುಖ ಮಾಡಿ ಸುಮಾರು 30 ಡಿಗ್ರಿ ಓರೆಯಾಗಿರಬೇಕು. 2 ಮೀಟರ್ ಉದ್ದದ ಫಲಕದ ಹಿಂಬದಿಯನ್ನು 1 ಮೀಟರ್ ಎತ್ತರಿಸಿದರೆ ಈ ಕೋನ ತಾನಾಗಿ ಬರುತ್ತದೆ. ಬೆಳಿಗ್ಗೆ 9ರಿಂದ ಮಧ್ಯಾಹ್ನ 3ರವರೆಗೆ ಮರ, ಪ್ಯಾರಪೆಟ್ ಗೋಡೆಗಳ ನೆರಳು ಬೀಳದ ಜಾಗವನ್ನು ಚಳಿಗಾಲದಲ್ಲೇ ನೋಡಿ ಗುರುತಿಸುವುದು ಒಳಿತು.

ಎತ್ತರದ ಲೆಕ್ಕ ತಪ್ಪಬಾರದು

ಬಿಸಿನೀರಿನ ತೊಟ್ಟಿಯ ತಳ, ಫಲಕದ ಮೇಲಂಚಿಗಿಂತ ಕನಿಷ್ಠ 30 ಸೆಂಟಿಮೀಟರ್ ಎತ್ತರದಲ್ಲಿರಬೇಕು. ಇಲ್ಲವಾದರೆ ರಾತ್ರಿ ನೀರು ಹಿಮ್ಮುಖವಾಗಿ ಹರಿದು ಆರಿಹೋಗುವ ಸಂಭವವಿದೆ. ತಣ್ಣೀರಿನ ಟ್ಯಾಂಕಿನ ತಳ ಬಿಸಿನೀರಿನ ತೊಟ್ಟಿಗಿಂತಲೂ ಮೇಲಿರಬೇಕು. ಈ ಭಾರವೆಲ್ಲ ಬೀಳುವುದು ಮಾಳಿಗೆಯ ಮೇಲೆ. 100 ಲೀಟರ್ ನೀರೇ 100 ಕಿಲೋ. ಅದರ ಮೇಲೆ ತೊಟ್ಟಿ, ಗಾಜು, ಕಬ್ಬಿಣದ ಚೌಕಟ್ಟಿನ ತೂಕ ಬೇರೆ. ಹಳೆಯ ಮಣ್ಣಿನ ಮಾಳಿಗೆ ಅಥವಾ ಶಹಾಬಾದ್ ಕಲ್ಲಿನ ಹಾಸಿನ ಮನೆಯಲ್ಲಿ ಇದನ್ನು ನಡುಭಾಗದಲ್ಲಿಡದೆ ಗೋಡೆಯ ಮೇಲೆಯೇ ಹೊರಿಸುವುದು ಕ್ಷೇಮ.

ಬಿಸಿನೀರಿಗೆ ಸಾಧಾರಣ ಪಿವಿಸಿ ಪೈಪ್ ಸಲ್ಲದು. ತಾಮ್ರ, ಜಿಐ ಅಥವಾ ಸಿಪಿವಿಸಿ ಬಳಸಬೇಕು. ಮುಕ್ಕಾಲು ಇಂಚಿನ ಪೈಪ್ 10 ಮೀಟರ್ ಉದ್ದವಿದ್ದರೆ ಸುಮಾರು 3 ಲೀಟರ್ ತಣ್ಣೀರು ಹರಿದ ಬಳಿಕವೇ ಬಿಸಿನೀರು ಬರುತ್ತದೆ. ಆದ್ದರಿಂದ ಹೀಟರ್ ಬಚ್ಚಲಿಗೆ ಹತ್ತಿರವಿದ್ದಷ್ಟೂ ಲಾಭ. ಬೋರ್‌ವೆಲ್‌ನ ಗಡಸು ನೀರು ತೆಳುವಾದ ತಾಮ್ರದ ಕೊಳವೆಗಳಲ್ಲಿ ಬಿಳಿ ಸುಣ್ಣದ ಪದರು ಕಟ್ಟುತ್ತದೆ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಇಂತಹ ಕಲೆ ಕಾಣುವ ಮನೆಯವರು ಅಗಲವಾದ ಗಾಜಿನ ನಿರ್ವಾತ ಕೊಳವೆಗಳ ಮಾದರಿ ಆಯ್ದುಕೊಳ್ಳುವುದು ಸೂಕ್ತ.

ಗಾಳಿ ಕೊಳವೆ ಮುಚ್ಚಬೇಡಿ

ಚಳಿಗಾಲಕ್ಕೆ ತಕ್ಕಂತೆ ರೂಪಿಸಿದ ಹೀಟರ್ ಬೇಸಿಗೆಯಲ್ಲಿ ಅಗತ್ಯಕ್ಕಿಂತ ಹೆಚ್ಚು ಕಾಯುತ್ತದೆ. ನೀರು ಕುದಿದು ಆವಿಯಾದರೆ ಅದು ಹೊರಹೋಗಲು ದಾರಿ ಬೇಕೇ ಬೇಕು. ಬಿಸಿನೀರಿನ ತೊಟ್ಟಿಯ ನೆತ್ತಿಯಿಂದ ಹೊರಡುವ ಗಾಳಿ ಕೊಳವೆ ತಣ್ಣೀರಿನ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಮೇಲೇರಿ ಆಕಾಶಕ್ಕೆ ತೆರೆದಿರಬೇಕು. ಅದಕ್ಕೆ ವಾಲ್ವ್ ಕೂಡಿಸುವುದಾಗಲಿ, ನೀರು ಚೆಲ್ಲುತ್ತದೆಂದು ಬಿರಡೆ ಜಡಿಯುವುದಾಗಲಿ ಕೂಡದು. ಮುಚ್ಚಿದ ತೊಟ್ಟಿ ಒತ್ತಡಕ್ಕೆ ಸಿಡಿದರೆ ಮನೆಮಂದಿಯ ಜೀವಕ್ಕೇ ಅಪಾಯ. ಬೇಸಿಗೆ ರಜೆಯಲ್ಲಿ ಊರಿಗೆ ಹೊರಡುವವರು ಫಲಕದ ಮೇಲೊಂದು ದಪ್ಪ ಬಟ್ಟೆ ಹೊದಿಸಿ ಹೋಗುವುದನ್ನು ಮರೆಯಬಾರದು.

ಸಾಮಗ್ರಿ ಖರೀದಿಸುವ ಮುನ್ನ ಮಾಳಿಗೆಯ ನಕ್ಷೆ ಬರೆದು, ಈ ಎತ್ತರಗಳನ್ನೆಲ್ಲ ಗುರುತಿಸಿ, ಅನುಭವಿ ಪ್ಲಂಬರ್‌ಗೆ ಒಮ್ಮೆ ತೋರಿಸಬೇಕು. ಫಲಕ ಸ್ವಲ್ಪ ಚಿಕ್ಕದಾದರೆ ನಷ್ಟವಾಗುವುದು ಒಂದೆರಡು ಬಕೆಟ್ ಬಿಸಿನೀರು ಮಾತ್ರ. ಆದರೆ ಎತ್ತರದ ಲೆಕ್ಕ ತಪ್ಪಿದರೆ ಹಾಕಿದ ಹಣವೆಲ್ಲ ವ್ಯರ್ಥ.