ಇಂಜಿನ್ ನಿಂತ್ರೆ ಹೆಲಿಕಾಪ್ಟರ್ ಕಲ್ಲಿನ ಹಾಗೆ ಬೀಳುತ್ತಾ?

ಚುನಾವಣೆ ಬಂತೆಂದರೆ ಜಿಲ್ಲೆಯ ಮೈದಾನಗಳಲ್ಲಿ ಹೆಲಿಕಾಪ್ಟರ್ ಇಳಿಯುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ನಿಂತವರು ಬೋರ್ಡ್ ನೋಡೋದು ಬಿಟ್ಟು ಆಕಾಶ ನೋಡ್ತಾರೆ. ಅಂಗಡಿಯವರು ವ್ಯಾಪಾರ ಬಿಟ್ಟು ಹೊರಗೆ ಬರ್ತಾರೆ. ಗುಂಪಿನಲ್ಲಿ ಒಬ್ಬರಾದರೂ ಕೇಳೇ ಕೇಳ್ತಾರೆ: ‘ಅಲ್ರೀ, ಮೇಲೆ ಇಂಜಿನ್ ಆಫ್ ಆದ್ರೆ ಏನ್ ಗತಿ?’

ಕಲ್ಲಿನ ಹಾಗೆ ಬೀಳುತ್ತೆ ಅನ್ನೋದು ಬಹಳ ಜನರ ನಂಬಿಕೆ. ಹಾಗೇನಿಲ್ಲ. ಬದುಕುವುದು, ಸಾಯುವುದು ತಲೆಯ ಮೇಲಿನ ರೆಕ್ಕೆಯ ಓರೆಯಲ್ಲಿದೆ.

ಮನೆಯ ಫ್ಯಾನ್ ನೋಡಿ. ರೆಕ್ಕೆ ಚಪ್ಪಟೆಯಾಗಿರುವುದಿಲ್ಲ, ಸ್ವಲ್ಪ ಓರೆ. ಈ ಓರೆಗೇ ಪಿಚ್ ಅನ್ನುವುದು.

ಇದರ ಗುಟ್ಟನ್ನು ಹಿಡಿದು ಹಾರಿಸಿ ತೋರಿಸಿದವರು ಸ್ಪೇನ್ ದೇಶದ ಇಂಜಿನಿಯರ್ ಹುವಾನ್ ದೆ ಲಾ ಸಿಯೆರ್ವಾ. 1919ರಲ್ಲಿ ಅವರು ಕಟ್ಟಿದ ವಿಮಾನವೊಂದು ನೆಲದ ಹತ್ತಿರ ವೇಗ ಕಳೆದುಕೊಂಡು ಬಿತ್ತು. ವೇಗ ತಗ್ಗಿದರೂ ಬೀಳದ ವಿಮಾನ ಬೇಕು ಎಂದು ಹಟ ಹಿಡಿದರು. 1923ರ ಜನವರಿಯಲ್ಲಿ ಮ್ಯಾಡ್ರಿಡ್ ಬಳಿಯ ಹೆತಾಫೆಯಲ್ಲಿ ಅವರ ಆಟೋಜೈರೋ ಹಾರಿತು. ಇಂದಿನ ಜೈರೋಕಾಪ್ಟರ್ ಅದರ ವಂಶದ್ದೇ.

ನೋಡಲು ಹೆಲಿಕಾಪ್ಟರಿನಂತಿದ್ದರೂ ಹಾರುವಾಗ ಇದರ ಮೇಲಿನ ರೆಕ್ಕೆಯನ್ನು ಇಂಜಿನ್ ತಿರುಗಿಸುವುದಿಲ್ಲ. ಇಂಜಿನ್ ಗಾಡಿಯನ್ನು ಮುಂದಕ್ಕೆ ಒಯ್ಯುತ್ತದೆ, ಅಷ್ಟೆ. ರೆಕ್ಕೆ ತಿರುಗುವುದು ಕೆಳಗಿನಿಂದ ನುಗ್ಗುವ ಗಾಳಿಗೆ, ಜಾತ್ರೆಯ ಗಿರಗಿಟ್ಲೆಯ ಹಾಗೆ. ಹೆತಾಫೆಯಲ್ಲಿ ಕೆಲವೇ ದಿನಗಳ ನಂತರ ಹಾರುವಾಗ ಇಂಜಿನ್ ಕೈಕೊಟ್ಟರೂ ಆ ಯಂತ್ರ ನಿಧಾನವಾಗಿ ನೆಲಕ್ಕಿಳಿಯಿತು!

ಆದರೆ ಓರೆ ಕಡಿಮೆಯಿರಬೇಕು, ಕೆಲವೇ ಡಿಗ್ರಿ. ಆಗ ಗಾಳಿ ರೆಕ್ಕೆಯನ್ನು ಎತ್ತುವುದರ ಜೊತೆಗೆ ಮುಂದಕ್ಕೂ ಎಳೆಯುತ್ತದೆ. ಓರೆ ಹೆಚ್ಚಾದರೆ ಅದೇ ಗಾಳಿ ಬ್ರೇಕ್ ಹಾಕುತ್ತದೆ. ಸುತ್ತು ನಿಧಾನವಾಯಿತೋ, ಯಂತ್ರವನ್ನು ಹೊರುವವರಿಲ್ಲ.

ಜೈರೋಕಾಪ್ಟರಿನಲ್ಲಿ ಸಾಮಾನ್ಯವಾಗಿ ಈ ಓರೆ ಮೊದಲೇ ಕೂಡಿಸಿಟ್ಟದ್ದು. ಹೆಲಿಕಾಪ್ಟರಿನಲ್ಲಿ ಹಾಗಲ್ಲ, ಇಂಜಿನ್ ಬಲದಿಂದ ಹಾರುವಾಗ ಓರೆ ಹೆಚ್ಚೇ ಇರುತ್ತದೆ. ಇಂಜಿನ್ ನಿಂತ ಕೂಡಲೇ ಪೈಲಟ್ ಎಡಗೈಯ ಲಿವರ್ ಕೆಳಗೆ ತಳ್ಳಿ ಓರೆ ಇಳಿಸಬೇಕು. ಸಿಗುವ ಸಮಯ ಒಂದೆರಡು ಸೆಕೆಂಡು. ಆಮೇಲೆ ಇಳಿಜಾರಿನಲ್ಲಿ ಪೆಡಲ್ ತುಳಿಯದ ಸೈಕಲ್ಲಿನ ಹಾಗೆ, ಎತ್ತರವೇ ಪೆಟ್ರೋಲು. ನೆಲ ಹತ್ತಿರ ಬಂದಾಗ ಮೂತಿ ಎತ್ತಿ, ವೇಗ ತಗ್ಗಿಸಿ, ಕೊನೆಯಲ್ಲಿ ಲಿವರ್ ಮೇಲೆಳೆದು, ರೆಕ್ಕೆಯಲ್ಲಿ ಉಳಿದ ಸುತ್ತನ್ನೆಲ್ಲ ಖರ್ಚು ಮಾಡಿ ಇಳಿಸುತ್ತಾರೆ. ಎತ್ತರವೂ ವೇಗವೂ ಎರಡೂ ಕಡಿಮೆಯಿದ್ದರೆ ಇದಕ್ಕೆ ಅವಕಾಶವಿಲ್ಲ.

ಜೈರೋಕಾಪ್ಟರಿಗೂ ಪೂರ್ತಿ ಗ್ಯಾರಂಟಿ ಇಲ್ಲ. ಕೋಲನ್ನು ಗಕ್ಕನೆ ಮುಂದಕ್ಕೆ ತಳ್ಳಿದರೆ ಕೆಳಗಿನ ಗಾಳಿ ತಪ್ಪಿ ಸುತ್ತು ಕುಸಿಯುತ್ತದೆ, ಮತ್ತೆ ಹಿಡಿಯೋದು ಕಷ್ಟ. ಹೀಗೆ ಪ್ರಾಣ ಕಳೆದುಕೊಂಡವರಿದ್ದಾರೆ.

ಸಿಯೆರ್ವಾ 1928ರಲ್ಲಿ ಆಟೋಜೈರೋದಲ್ಲೇ ಇಂಗ್ಲಿಷ್ ಕಡಲ್ಗಾಲುವೆ ದಾಟಿದರು. 1936ರ ಡಿಸೆಂಬರಿನಲ್ಲಿ ಲಂಡನ್ ಬಳಿಯ ಕ್ರಾಯ್ಡನ್‌ನಲ್ಲಿ ಸತ್ತದ್ದು ಮಾತ್ರ ಮಾಮೂಲಿ ಪ್ರಯಾಣಿಕರ ವಿಮಾನದಲ್ಲಿ. ಮಂಜಿನಲ್ಲಿ ಮೇಲೇರಿದ ಕೂಡಲೇ ಅದು ಬಿತ್ತು. ಎಂಥ ವಿಧಿ ನೋಡಿ!

ಇನ್ನು ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಕೇಳಿದರೆ ಹೇಳಿ: ಇಂಜಿನ್ ನಿಂತರೆ ಪರವಾಗಿಲ್ಲ ಸ್ವಾಮಿ, ರೆಕ್ಕೆ ನಿಲ್ಲಬಾರದು.