ದೋಣಿಯ ಒಡಲಿಂದ ಎಂಜಿನ್ ಎತ್ತುವಾಗ
ಎಚ್.ಡಿ. ಕೋಟೆ ಸೀಮೆಯ ಬೀಚನಹಳ್ಳಿಯಲ್ಲಿ 1974ರಲ್ಲಿ ಪೂರ್ಣಗೊಂಡ ಕಬಿನಿ ಅಣೆಕಟ್ಟಿನ ಹಿನ್ನೀರಿನಲ್ಲಿ ಸಂಚರಿಸುವ ಸಫಾರಿ ದೋಣಿಗಳ ಎಂಜಿನ್, ಹಿಂಬದಿಯ ಹಲಗೆಗೆ ಹೊರಗಿನಿಂದ ಬಿಗಿದ ಔಟ್‌ಬೋರ್ಡ್ ಮಾದರಿಯದಾದ್ದರಿಂದ, ಅದು ಕೆಟ್ಟರೆ ಬಿಚ್ಚಿ ದಡಕ್ಕೆ ತರುವುದು ಅಷ್ಟೇನೂ ಕಷ್ಟವಲ್ಲ. ಆದರೆ ಮಲ್ಪೆ, ಮಂಗಳೂರುಗಳ ಟ್ರಾಲ್ ದೋಣಿಗಳಲ್ಲಿ ಡೀಸೆಲ್ ಎಂಜಿನ್ ದೋಣಿಯ ಒಡಲೊಳಗೇ ಕುಳಿತಿರುತ್ತದೆ. ಇದನ್ನೇ ಇನ್‌ಬೋರ್ಡ್ ಎನ್ನುತ್ತಾರೆ. ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳು ಇಂಥ ದುರಸ್ತಿಗೆ ಒದಗುವ ಬಿಡುವು.

ಇನ್‌ಬೋರ್ಡ್ ಎಂಜಿನ್ ಎತ್ತಲು ಮೊದಲು ಬ್ಯಾಟರಿಯ ತಂತಿ ಕಳಚಿ, ಡೀಸೆಲ್ ಕೊಳವೆ ಮುಚ್ಚಿ, ಎಂಜಿನ್ ತಂಪಾಗಿಸಲು ಹೊರಗಿನ ನೀರನ್ನು ಒಳಗೆಳೆಯುವ ಕವಾಟವನ್ನು ಭದ್ರವಾಗಿ ಮುಚ್ಚಬೇಕು. ಅತಿ ಸೂಕ್ಷ್ಮವಾದ ಜಾಗವೆಂದರೆ ಕಪ್ಲಿಂಗ್, ಅಂದರೆ ಗೇರ್ ಪೆಟ್ಟಿಗೆಯನ್ನೂ ನೀರಿನಲ್ಲಿ ತಿರುಗುವ ಪಂಖದ ದಂಡವನ್ನೂ ಜೋಡಿಸುವ ಎರಡು ಉಕ್ಕಿನ ಬಿಲ್ಲೆಗಳು. ಅನುಭವಿ ಮೆಕ್ಯಾನಿಕ್ ಬೋಲ್ಟು ಬಿಚ್ಚುವ ಮುನ್ನ ಎರಡೂ ಬಿಲ್ಲೆಗಳ ಅಂಚಿನ ಮೇಲೆ ಉಳಿಯಿಂದ ಒಂದೇ ಗೆರೆ ಕೊರೆಯುತ್ತಾನೆ. ಮರುಜೋಡಣೆಯಲ್ಲಿ ಆ ಗೆರೆಗಳು ಕೂಡಿದರೆ ಬಿಲ್ಲೆಗಳು ಒಂದಕ್ಕೊಂದು ಹಳೆಯ ಸ್ಥಾನದಲ್ಲೇ ಕೂರುತ್ತವೆ. ಆಮೇಲೆ ಅಡಿಪಾಯದ ಬೋಲ್ಟುಗಳನ್ನು ತೆಗೆದು, ಎಂಜಿನ್ನಿನ ಕೊಕ್ಕೆಗಳಿಗೆ ಸರಪಳಿ ಹಾಕಿ, ಚೈನ್ ಬ್ಲಾಕ್ ಎಂಬ ಸರಪಳಿ ರಾಟೆಯಿಂದ ಇಂಚಿಂಚೇ ಮೇಲೆತ್ತುತ್ತಾರೆ. ತೂಗುವ ಆ ಭಾರದ ಕೆಳಗೆ ಕೈಯನ್ನಾಗಲಿ ಕಾಲನ್ನಾಗಲಿ ಯಾರೂ ಚಾಚಲೇಬಾರದು.

ದಡದ ಮೇಲಿರುವಾಗಿನ ದೋಣಿಯ ಆಕಾರ ನೀರಿಗಿಳಿದಾಗ ತುಸು ಬದಲಾಗುವುದರಿಂದ, ಎಂಜಿನ್ ಮರಳಿ ಕೂರಿಸಿದ ಬಳಿಕ ಕಪ್ಲಿಂಗ್‌ನ ಕೊನೆಯ ಹೊಂದಾಣಿಕೆಯನ್ನು ದೋಣಿ ತೇಲುತ್ತಿರುವಾಗಲೇ, ಬಿಲ್ಲೆಗಳ ನಡುವೆ ತೆಳುವಾದ ಅಳತೆಪಟ್ಟಿ ತೂರಿಸಿ ನೋಡುತ್ತಾರೆ.